ಕಟ್ಟದೆ ನಿಂತ ಗೋಡೆ

ಓದುಗ ಶರಣ ಬಂಧುಗಳಲ್ಲಿ ಈ ತಿಂಗಳು ನಾವು ಮೊದಲಿಗೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೂರು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ, ಬಳ್ಳಾರಿ ಸೀಮೆಯ ಒಂದು ಹಳ್ಳಿಯ ಆಚೆ ಬಯಲಿನಲ್ಲಿ ಕಂಡ ಕರಿಕಲ್ಲಿನ ಗೋಡೆಯೊಂದನ್ನು ಕುರಿತು ಬರೆದಿದ್ದೆವು. ಬಂಧುಗಳ ಮನೆಯ ಮದುವೆಗೆಂದು ಹೋದಾಗ ಊರ ಗೌಡರು ನಮ್ಮನ್ನು ಸಂಜೆಯ ಹೊತ್ತು ಅಲ್ಲಿಗೆ ಕರೆದೊಯ್ದಿದ್ದರು. ಕೆಂಪು ನೆಲದ ನಡುವೆ ಕಪ್ಪು ಕಲ್ಲುಗಳ ಸಾಲು, ಒಂದರ ಮೇಲೊಂದು ಒಟ್ಟಿದಂತೆ, ಕಣ್ಣು ಹಾಯುವವರೆಗೂ ನೆಟ್ಟಗೆ ಹೋಗಿತ್ತು. ಕಲ್ಲುಗಳ ಅಂಚು ಉಳಿಯಿಂದ ತಿದ್ದಿದಂತೆ ಚೌಕವಾಗಿದ್ದವು. ಅದು ಯಾವುದೋ ಪುರಾತನ ಅರಸನ ಕೋಟೆಯ ಉಳಿಕೆಯೆಂದು ಗೌಡರು ಹೇಳಿದರು. ನಾವು ನಂಬಿದೆವು; ನಂಬಿದ್ದಷ್ಟೇ ಅಲ್ಲದೆ ಅಲಂಕರಿಸಿ ಬರೆದೆವು. ಕೋಟೆಗೆ ಒಂದು ಕಾಲವನ್ನೂ ಊಹಿಸಿ ಕೊಟ್ಟೆವು. ಈಗ ಆ ಸಂಚಿಕೆಯನ್ನು ತೆರೆದು ಓದಿದರೆ ನಮಗೇ ನಾಚಿಕೆಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ನಮಗೊಂದು ಪತ್ರ ಬಂದಿತು. ಬರೆದವರು ಕಾಲೇಜಿನಲ್ಲಿ ಬಹುಕಾಲ ಭೂವಿಜ್ಞಾನವನ್ನು ಬೋಧಿಸಿ ನಿವೃತ್ತರಾದ ಮಾಸ್ತರರು, ನಮ್ಮ ಪತ್ರಿಕೆಯ ಹಳೆಯ ಚಂದಾದಾರರು. ಪತ್ರದಲ್ಲಿ ಕೋಪವಿರಲಿಲ್ಲ. ತಾವು ಬರೆದದ್ದು ಗೋಡೆಯಲ್ಲ, ಬಂದರೆ ತೋರಿಸುತ್ತೇನೆ ಎಂದಷ್ಟೇ ಇತ್ತು. ಆದರೆ ಕೊನೆಯ ಸಾಲು ನಮ್ಮ ನಿದ್ರೆಯನ್ನು ಕೆಡಿಸಿತು: ತಮ್ಮ ಲೇಖನವನ್ನು ಓದಿದ ಮೇಲೆ ಊರಿನ ಹುಡುಗರು ನಿಧಿಗಾಗಿ ಆ ಜಾಗವನ್ನು ಅಗೆಯುತ್ತಿದ್ದಾರೆ.

ಹೋದೆವು. ಗೋಡೆಯ ಬುಡದಲ್ಲಿ ಎರಡಾಳು ಆಳದ ಗುಂಡಿ ಬಾಯಿ ತೆರೆದಿತ್ತು. ಮನೆಗೆ ನೂರು ರೂಪಾಯಿಯಂತೆ ವಂತಿಗೆ ಎತ್ತಿ, ಯಂತ್ರವನ್ನೂ ಬಾಡಿಗೆಗೆ ತಂದು ಅಗೆದಿದ್ದರು. ತೆಗೆದ ಮಣ್ಣನ್ನು ಪಕ್ಕದ ಹೊಲದ ಕಡೆಗೆ ಸುರಿಯುವಾಗ ಒಡ್ಡು ಒಡೆದಿತ್ತು. ಮೊದಲ ಮಳೆಗೆ ನೀರು ನುಗ್ಗಿ ಒಬ್ಬ ವಿಧವೆ ತಾಯಿಯ ಹೊಲದಲ್ಲಿ ಬಿತ್ತಿದ್ದ ಶೇಂಗಾ ಕೊಚ್ಚಿಹೋಗಿತ್ತು. ಇಷ್ಟೇ ಆಗಿದ್ದರೆ ಹೇಗೋ ಸರಿಪಡಿಸಬಹುದಿತ್ತು. ಗುಂಡಿಗೆ ದಾರಿ ಮಾಡಲೆಂದು ಯಂತ್ರದವನು ಒಂದು ಬೇವಿನ ಮರದ ಕೆಳಗಿದ್ದ ಕಲ್ಲನ್ನು ಎತ್ತಿ ಎಸೆದಿದ್ದ. ಅದು ನಿಜವಾದ ವೀರಗಲ್ಲು. ಮೂರು ಸಾಲು ಹಳಗನ್ನಡ ಅಕ್ಷರವಿದ್ದ ವೀರಗಲ್ಲು. ಈಗ ಅದು ಎರಡು ತುಂಡಾಗಿ ಬಿದ್ದಿತ್ತು. ಮನುಷ್ಯರು ಕಟ್ಟದ ಗೋಡೆಯ ಹಂಬಲದಲ್ಲಿ ಮನುಷ್ಯರು ಕಡೆದ ಕಲ್ಲು ಒಡೆಯಿತು. ಮೂರು ವರ್ಷಗಳ ಹಿಂದಿನ ನಮ್ಮ ಲೇಖನದಲ್ಲಿ ಆ ಬೇವಿನ ಮರದ ಪ್ರಸ್ತಾಪವೇ ಇರಲಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅದರ ನೆರಳಿನಲ್ಲೇ ಕುಳಿತು ನಾವು ಚಹಾ ಕುಡಿದಿದ್ದೆವು.

ಆ ಗೋಡೆ ಹಾಗಾದರೆ ಏನು? ಮಾಸ್ತರರು ನಮ್ಮನ್ನು ಅದರ ಉದ್ದಕ್ಕೂ ನಡೆಸಿದರು. ಭೂಮಿಯ ಆಳದಲ್ಲಿ ಕರಗಿದ ಶಿಲಾಪಾಕವು ಮೇಲಿನ ಗಟ್ಟಿ ಬಂಡೆಯಲ್ಲಿ ಬಿರುಕು ಬಿಟ್ಟಾಗ ಆ ಬಿರುಕಿನೊಳಗೆ ಏರಿ, ಹೊರಗೆ ಬರಲಾರದೆ ಅಲ್ಲಿಯೇ ಆರಿ ಕಲ್ಲಾಗುತ್ತದೆ. ಇಂಥ ನಿಂತ ಹಲಗೆಯಂಥ ಶಿಲೆಗೆ ಭೂವಿಜ್ಞಾನದಲ್ಲಿ ಡೈಕ್ ಎಂದು ಹೆಸರು. ಇಲ್ಲಿಯ ಕರಿಕಲ್ಲಿಗೆ ಡಾಲರೈಟ್ ಎನ್ನುತ್ತಾರೆ. ಸುತ್ತಲಿನ ಬಂಡೆ ಬಿಸಿಲು ಮಳೆಗಳಿಗೆ ಸವೆದು ತಗ್ಗಿದಾಗ ಗಡುಸಾದ ಈ ಕಲ್ಲು ಮಾತ್ರ ಎದ್ದು ನಿಲ್ಲುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಬಯಲಿನಲ್ಲಿ ಇಂಥವು ಬಹಳ. ಅವುಗಳಲ್ಲಿ ಅನೇಕವು ಇನ್ನೂರು ಕೋಟಿ ವರ್ಷಗಳಿಗೂ ಹಳೆಯವು. ಆಗ ಭೂಮಿಯ ಮೇಲೆ ಮನುಷ್ಯನಿರಲಿ, ಹುಲ್ಲುಕಡ್ಡಿಯೂ ಇರಲಿಲ್ಲ.

ಚೌಕ ಕಲ್ಲುಗಳಂತೆ ಅದು ಏಕೆ ಒಡೆದಿದೆ ಎಂದು ನಾವು ಕೇಳಿದೆವು. ಆರುವ ವಸ್ತು ಕುಗ್ಗುತ್ತದೆ, ಕುಗ್ಗುವ ವಸ್ತು ಸೀಳುತ್ತದೆ. ಆ ಸೀಳುಗಳು ಒಂದಕ್ಕೊಂದು ಅಡ್ಡವಾಗಿ ಬಂದಾಗ ಇಟ್ಟಿಗೆ ಜೋಡಿಸಿದಂತೆ ಕಾಣುತ್ತದೆ ಎಂದರು. ಬಳಿಕ ಅಂಚಿನಿಂದ ಒಂದು ಚೂರು, ನಡುವಿನಿಂದ ಒಂದು ಚೂರು ಒಡೆದು ನಮ್ಮ ಕೈಯಲ್ಲಿಟ್ಟರು. ಅಂಚಿನದು ನುಣುಪಾಗಿ ಹಿಟ್ಟಿನಂತೆ, ನಡುವಿನದು ಕಾಳುಕಾಳಾಗಿತ್ತು. ನಮ್ಮ ತಾಯಂದಿರಿಗೆ ಇದು ಬೇಗ ಅರ್ಥವಾದೀತು. ಸಕ್ಕರೆಯ ಪಾಕವನ್ನು ನಿಧಾನವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯ ದಪ್ಪ ಹರಳು ಕಟ್ಟುತ್ತದೆ. ಬೇಗ ಆರಿಸಿದರೆ ಹರಳು ಸಣ್ಣದಾಗುತ್ತದೆ. ತಣ್ಣನೆಯ ಬಂಡೆಗೆ ತಾಗಿದ ಅಂಚು ಬೇಗ ಆರಿತು, ನಡುಭಾಗ ನಿಧಾನವಾಗಿ ಆರಿತು. ಬೇರೆ ಬೇರೆ ಕಡೆಯಿಂದ ತಂದು ಪೇರಿಸಿದ ಕಲ್ಲುಗಳಾಗಿದ್ದರೆ ಅಂಚಿನಿಂದ ನಡುವಿಗೆ ಇಂಥ ಕ್ರಮ ಇರಲಾರದು. ಇನ್ನೊಂದು ಸಂಗತಿ ನಮ್ಮ ಕಣ್ಣಿಗೇ ಬೀಳಬೇಕಾಗಿತ್ತು. ಕೋಟೆಯನ್ನು ಕಟ್ಟುವವನು ನೆಲದ ಏರುತಗ್ಗು ನೋಡಿ ಗೋಡೆಯನ್ನು ಬಳಸಿ ತರುತ್ತಾನೆ, ಬಾಗಿಲಿಡುತ್ತಾನೆ, ಮೂಲೆಯಲ್ಲಿ ತಿರುಗಿಸುತ್ತಾನೆ. ಈ ಗೋಡೆ ಹಳ್ಳವನ್ನು ದಾಟಿ, ಗುಡ್ಡವನ್ನು ಹತ್ತಿ, ಆಚೆ ಇಳಿದು ನೆಟ್ಟಗೆ ಹೋಗಿದೆ. ಅದು ಏನನ್ನೂ ಸುತ್ತುವರಿದಿಲ್ಲ.

ಮೋಸ ಹೋದವರು ನಾವಷ್ಟೇ ಅಲ್ಲವೆಂದು ಮಾಸ್ತರರು ಸಮಾಧಾನ ಹೇಳಿದರು. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ರಾಕ್‌ವಾಲ್ ಎಂಬ ಊರೇ ಇದೆ. 1850ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಸಿದ ರೈತರು ಬಾವಿ ತೋಡುವಾಗ ಮಣ್ಣಿನೊಳಗೆ ಕಲ್ಲಿನ ಗೋಡೆ ಕಂಡು, ಅಳಿದುಹೋದ ಜನಾಂಗದ ಕೋಟೆಯೆಂದು ಬೆರಗಾದರು. ಊರಿಗೆ ಅದರ ಹೆಸರನ್ನೇ ಇಟ್ಟರು. ಅದೂ ಡೈಕ್ ಜಾತಿಯದೇ. ಅಲ್ಲಿ ಬಿರುಕನ್ನು ತುಂಬಿದ್ದು ಶಿಲಾಪಾಕವಲ್ಲ, ಮರಳು.

ಇವೆಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಜಪಾನಿನ ಯೊನಾಗುನಿ. ಇದು ಜಪಾನಿನ ಪಶ್ಚಿಮದ ತುತ್ತತುದಿಯ ದ್ವೀಪ; ತೈವಾನಿಗೆ ಸಮೀಪ. 1986ರಲ್ಲಿ ಕಿಹಾಚಿರೊ ಅರಾತಾಕೆ ಎಂಬ ಮುಳುಗುಗಾರರು ಪ್ರವಾಸಿಗಳಿಗೆ ಶಾರ್ಕ್ ಮೀನುಗಳನ್ನು ತೋರಿಸಲು ತಕ್ಕ ಜಾಗವನ್ನು ಹುಡುಕುತ್ತ ನೀರಿಗಿಳಿದಾಗ, ಸಮುದ್ರದ ತಳದಲ್ಲಿ ಅರಮನೆಯ ಜಗಲಿಯಂಥದೊಂದು ಕಂಡಿತು. ಅದು ಸುಮಾರು 150 ಮೀಟರ್ ಉದ್ದ, 40 ಮೀಟರ್ ಅಗಲ. ನೆತ್ತಿ ನೀರಿನ ಮಟ್ಟದಿಂದ ಸುಮಾರು 5 ಮೀಟರ್ ಕೆಳಗೆ, ಬುಡ ಇಪ್ಪತ್ತೈದು ಮೀಟರಿಗೂ ಆಳದಲ್ಲಿ. ಮೆಟ್ಟಿಲುಗಳು, ಚಪ್ಪಟೆಯಾದ ಅಂಗಳಗಳು, ನೇರ ಮೂಲೆಗಳು. ಚಿತ್ರಗಳನ್ನು ನೋಡಿದ ಯಾರಿಗಾದರೂ ಮೊದಲ ನೋಟಕ್ಕೆ ಇದು ಕೈಕೆಲಸವೆಂದೇ ತೋರುತ್ತದೆ, ನಮಗೂ ತೋರಿತು.

ರ್ಯುಕ್ಯು ವಿಶ್ವವಿದ್ಯಾಲಯದ ಮಸಾಕಿ ಕಿಮುರಾ ಇದನ್ನು ಬಹಳ ವರ್ಷ ಅಧ್ಯಯನ ಮಾಡಿ, ಮುಳುಗಿದ ನಗರದ ಭಾಗವೆಂದು ವಾದಿಸಿದರು. ಅವರು ಕಲ್ಲನ್ನು ಅರಿಯದವರೇನೂ ಅಲ್ಲ, ಸ್ವತಃ ಭೂವಿಜ್ಞಾನಿ. ಮೊದಲು ಹತ್ತು ಸಾವಿರ ವರ್ಷ ಹಳೆಯದೆಂದರು, ಬಳಿಕ ಎರಡು ಮೂರು ಸಾವಿರ ವರ್ಷವೆಂದರು. ಬಾಸ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಶಾಕ್ 1997ರಲ್ಲಿ ಅಲ್ಲಿ ಮುಳುಗಿ ನೋಡಿದರು. ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹವು ಎಲ್ಲರೂ ಹೇಳುವುದಕ್ಕಿಂತ ಬಹು ಪುರಾತನವೆಂದು ವಾದಿಸಿ ವಿದ್ವಾಂಸರ ಅಸಮಾಧಾನಕ್ಕೆ ಗುರಿಯಾದವರು ಅವರು. ಅಂಥವರೇ ಇಲ್ಲಿ ಪುರಾತನ ನಗರವನ್ನು ಕಾಣಲಿಲ್ಲ. ಅವರು ಕಂಡದ್ದು ಸುಮಾರು ಎರಡು ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ನೆಲೆಗೊಂಡ ಮರಳುಗಲ್ಲು. ಈ ಪದರಗಳು ಪುಸ್ತಕದ ಹಾಳೆಗಳಂತೆ ಸಮತಲವಾಗಿ ಬಿಡಿಸಿಕೊಳ್ಳುತ್ತವೆ. ಭೂಕಂಪಗಳ ಆ ನಾಡಿನಲ್ಲಿ ಮೇಲಿನಿಂದ ಕೆಳಕ್ಕೆ ನೇರ ಸೀಳುಗಳೂ ಬೀಳುತ್ತವೆ. ಅಡ್ಡ ಪದರ, ಉದ್ದ ಸೀಳು. ಬಿರುಸಾದ ಪ್ರವಾಹವು ಸಡಿಲವಾದ ತುಂಡುಗಳನ್ನು ಸಾಗಿಸಿಬಿಟ್ಟರೆ ಉಳಿಯುವುದು ಮೆಟ್ಟಿಲೇ. ದ್ವೀಪದ ದಡದ ಮೇಲೆ, ಎಲ್ಲರ ಕಣ್ಣೆದುರಿಗೆ, ಅದೇ ಬಂಡೆಯಲ್ಲಿ ಅಂಥವೇ ಮೆಟ್ಟಿಲುಗಳು ಇಂದಿಗೂ ಮೂಡುತ್ತಿವೆ. ನೀರಿನೊಳಗಿನದು ಕಲ್ಲು ಕಲ್ಲು ಸೇರಿಸಿ ಕಟ್ಟಿದ್ದೂ ಅಲ್ಲ. ತಳದ ಬಂಡೆಯೊಡನೆ ಒಂದೇ ಆದದ್ದು. ಜಪಾನ್ ಸರಕಾರದ ಸಂಸ್ಕೃತಿ ಇಲಾಖೆ ಇದನ್ನು ಪುರಾತನ ಸ್ಮಾರಕವೆಂದು ಅಂಗೀಕರಿಸಿಲ್ಲ. ನಂಬುವವರು ನಂಬಿಯೇ ಇದ್ದಾರೆ, ಮುಳುಗಿ ನೋಡಲು ಹೋಗುವವರೂ ಹೋಗುತ್ತಲೇ ಇದ್ದಾರೆ.

ಗ್ರೀಸಿನ ಜಾಕಿಂತೋಸ್ ದ್ವೀಪದಲ್ಲಿ ನಡೆದದ್ದು ನಮಗೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು. ಅಲ್ಲಿ 2013ರಲ್ಲಿ ಈಜುಗಾರರಿಗೆ ಕೇವಲ ಎರಡರಿಂದ ಐದು ಮೀಟರ್ ನೀರಿನಲ್ಲಿ ಕಲ್ಲುಹಾಸಿನ ಅಂಗಳ, ಸಾಲುಸಾಲಾಗಿ ದುಂಡನೆಯ ಕಂಬದ ಪೀಠಗಳು, ಪೀಠದ ನಡುವೆ ತೂತುಗಳು ಕಂಡವು. ಗ್ರೀಸ್ ದೇಶ ಎಂದಮೇಲೆ ಕಂಬ ಕಂಡರೆ ದೇವಾಲಯವೆಂದೇ ಯಾರೂ ಭಾವಿಸುವರು. ಆದರೆ ಪುರಾತತ್ತ್ವದವರು ಅವಸರಪಡಲಿಲ್ಲ. ಹುಡುಕಿದರು, ಒಂದು ಮಡಕೆಯ ಚೂರಿಲ್ಲ, ಒಂದು ನಾಣ್ಯವಿಲ್ಲ, ಜನ ಬಾಳಿದ ಯಾವ ಗುರುತೂ ಇಲ್ಲ. ಆಗ ಅಥೆನ್ಸ್ ವಿಶ್ವವಿದ್ಯಾಲಯದವರೂ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರೂ ಕೂಡಿ ಕಲ್ಲನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆಲದಡಿಯ ಬಿರುಕೊಂದರ ಗುಂಟ ಮೀಥೇನ್ ಅನಿಲ ಸೋರುತ್ತಿತ್ತು. ಅದನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳಿಂದಾಗಿ ಮಣ್ಣಿನ ಕಣಗಳ ನಡುವೆ ಡಾಲಮೈಟ್ ಎಂಬ ಖನಿಜ ಗಾರೆಯಂತೆ ಕಟ್ಟಿಕೊಂಡಿತು. ಅನಿಲ ಹೊರಬರುವ ದಾರಿಯೇ ಪೀಠದ ನಡುವಿನ ತೂತು. ಬಿರುಕು ನೇರವಾಗಿದ್ದುದರಿಂದ ಪೀಠಗಳೂ ಸಾಲಾದವು. ಇದೆಲ್ಲ ನಡೆದದ್ದು ಐದು ದಶಲಕ್ಷ ವರ್ಷಗಳಷ್ಟು ಹಿಂದಿನ ಕಾಲಘಟ್ಟದಲ್ಲಿ. ಕಣ್ಣಿಗೆ ಕಾಣದ ಜೀವಿಗಳು ದೇವಾಲಯದ ಕಂಬಗಳ ಬುಡವನ್ನು ಹಾಕಿದ್ದವು! ಕೋಟೆಯ ಕಥೆಗಿಂತ ಇದು ಯಾವುದರಲ್ಲಿ ಕಡಿಮೆಯೋ ನಮಗೆ ತಿಳಿಯದು.

ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಗಳಿಗೆ ಹೋದವರು ಅಲ್ಲಿ ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿರುವುದನ್ನು ನೋಡಿರಬಹುದು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಭಾರತ ಹಾಗೂ ಮಡಗಾಸ್ಕರ್ ಭೂಭಾಗಗಳು ಒಂದರಿಂದೊಂದು ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾರಸ ಆರುವಾಗ ಹೀಗೆ ಸೀಳಿತು. ಐರ್ಲೆಂಡಿನ ಉತ್ತರ ಕರಾವಳಿಯಲ್ಲಿ ಇಂಥವೇ ಸುಮಾರು ನಲವತ್ತು ಸಾವಿರ ಕಂಬಗಳಿವೆ. ದೈತ್ಯನೊಬ್ಬ ಸಮುದ್ರದಲ್ಲಿ ಹಾಕಿದ ಹಾದಿಯೆಂದು ಅಲ್ಲಿಯ ಜನಪದ ಕಥೆ. 1693ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ವರದಿ ಹೋದಾಗ, ಮನುಷ್ಯರು ಗುದ್ದಲಿ ಉಳಿಗಳಿಂದ ಮಾಡಿದ್ದೋ, ಪ್ರಕೃತಿಯೋ, ದೈತ್ಯನೋ ಎಂದು ವಿದ್ವಾಂಸರೇ ಚರ್ಚಿಸಿದರು. ಉತ್ತರ ಕರ್ನಾಟಕದ ರೈತನೊಬ್ಬ ಅಲ್ಲಿದ್ದರೆ ಚರ್ಚೆ ಬೇಗ ಮುಗಿಯುತ್ತಿತ್ತೇನೋ. ಬೇಸಿಗೆಯಲ್ಲಿ ನಮ್ಮ ಎರೆಹೊಲ ಒಣಗಿ ಬಿರಿಯುವಾಗ ಇದೇ ಬಗೆಯ ಐದಾರು ಮೂಲೆಯ ಬಿಲ್ಲೆಗಳಾಗುತ್ತದೆ. ಅಲ್ಲಿ ನೀರು ಆರಿ ಮಣ್ಣು ಕುಗ್ಗುತ್ತದೆ, ಇಲ್ಲಿ ಬಿಸಿ ಆರಿ ಕಲ್ಲು ಕುಗ್ಗುತ್ತದೆ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಹಿರಿಯರು ಹೇಳಿದ್ದೆಲ್ಲ ಕಟ್ಟುಕಥೆಯೇ ಎಂದು ನಮ್ಮ ಮಕ್ಕಳು ಕೇಳದಿರುವುದಿಲ್ಲ. ನಾವೂ ಮಾಸ್ತರರನ್ನು ಕೇಳಿದೆವು. ಅವರು ನಕ್ಕು, ತಪ್ಪು ಎರಡೂ ಕಡೆಗೆ ಆಗುತ್ತದೆ ಎಂದು ಕುಡಿತಿನಿಯ ಬೂದಿದಿಬ್ಬದ ಮಾತೆತ್ತಿದರು. ಬಳ್ಳಾರಿ ಸುತ್ತಿನಲ್ಲಿ ಇಂಥ ಬೂದಿಗುಡ್ಡೆಗಳು ಹಲವಿವೆ. ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತಿದ್ದರು. ಜ್ವಾಲಾಮುಖಿಯ ಕೆಲಸವಿರಬಹುದೆಂದು ಊಹಿಸಿದವರೂ ಇದ್ದರು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಅದು ಸೆಗಣಿಯ ಬೂದಿಯೆಂದು ಗುರುತಿಸಿದರು. ಮುಂದೆ ಎಫ್. ಆರ್. ಆಲ್ಚಿನ್ 1957ರಲ್ಲಿ ಉಟ್ನೂರಿನಲ್ಲಿ ಉತ್ಖನನ ಮಾಡಿ, ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು, ಅಲ್ಲಿ ರಾಶಿಯಾದ ಸೆಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದಾರೆ ಎಂದು ತೋರಿಸಿದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದಲ್ಲಿ ಗೋವಿನ ಸೆಗಣಿ ಬೆಂದು ಬೂದಿಯಾಗುತ್ತಿತ್ತು. ನಿತ್ಯವೂ ವಿಭೂತಿಯನ್ನು ಧರಿಸುವ ನಮ್ಮ ಮನೆಗಳಲ್ಲಿ ಈ ಸಂಗತಿ ಒಂದು ಕ್ಷಣವಾದರೂ ಕೈಯನ್ನು ತಡೆದು ನಿಲ್ಲಿಸೀತು. ಆ ದನಗಾಹಿಗಳ ಭಾವನೆ ಏನಿತ್ತೆಂದು ಯಾರು ಬಲ್ಲರು. ನಾವು ಹೆಚ್ಚು ಹೇಳಹೊರಟರೆ ಮತ್ತೆ ಕೋಟೆ ಕಟ್ಟಿದಂತಾದೀತು.

ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳದೂ ಹೀಗೆಯೇ. ಜನ ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಸುರಪುರದಿಂದಾಗಿ ನಮ್ಮವರಿಗೆ ಪರಿಚಿತರಾದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅವುಗಳ ವಿಷಯ ಬರೆದರು. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ ಮಾಡಿದ ಅವು ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ತಮ್ಮ ಮೃತರಿಗಾಗಿ ನಿಲ್ಲಿಸಿದ ನಿಜವಾದ ನಿರ್ಮಿತಿಗಳು. ಅಲ್ಲಿ ಚಪ್ಪಡಿ ಎಬ್ಬಿಸಿದ ಜಾಗವೂ ಇದೆ. ಅದು ಈಗ ನೀರು ತುಂಬಿದ ಕೊಳ. ಮನುಷ್ಯ ಕಟ್ಟಿದ್ದಾದರೆ ಕಲ್ಲು ಎಲ್ಲಿಂದಲೋ ಬಂದಿರಬೇಕು, ಒಡೆದ ಚೂರು ಎಲ್ಲಿಯೋ ಬಿದ್ದಿರಬೇಕು, ಕೆಲಸದವರು ಉಂಡ ಗಡಿಗೆ ಎಲ್ಲಿಯೋ ಒಡೆದಿರಬೇಕು.

ಬಳ್ಳಾರಿಗೆ ಹತ್ತಿರದ ಸಂಗನಕಲ್ಲು ಹಿರೇಗುಡ್ಡದಲ್ಲಿಯಂತೂ ಎರಡೂ ಒಂದೇ ಕಡೆ ಕೂಡಿವೆ. ಗುಡ್ಡವನ್ನು ಸೀಳಿ ಹೋಗಿರುವುದು ನಮ್ಮ ಹಳ್ಳಿಯದರಂಥದೇ ಡಾಲರೈಟ್ ಡೈಕ್. ಅದನ್ನು ಯಾರೂ ಕಟ್ಟಲಿಲ್ಲ. ಆದರೆ ನವಶಿಲಾಯುಗದ ಜನ ಆ ಕಲ್ಲನ್ನೇ ಒಡೆದು, ತಿಕ್ಕಿ, ಕೊಡಲಿಗಳನ್ನು ಮಾಡಿದರು; ಅದರ ಮೇಲೆ ಉದ್ದ ಕೊಂಬಿನ ಹೋರಿಗಳನ್ನು ಕುಟ್ಟಿ ಚಿತ್ರಿಸಿದರು. ಅಲ್ಲಿಯ ಕೆಲವು ಗುಂಡುಗಳನ್ನು ಇನ್ನೊಂದು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಹೊಮ್ಮುತ್ತದೆ. ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದ ವಿದ್ವಾಂಸರು ಇದನ್ನೆಲ್ಲ ದಾಖಲಿಸಿದ್ದಾರೆ. ಅಂಥ ಗುಡ್ಡಕ್ಕೂ ಕಲ್ಲುಗಣಿಯ ಬಾಧೆ ತಪ್ಪಲಿಲ್ಲ.

ಮಾಸ್ತರರ ಮಾತನ್ನು ಚಾವಡಿಯಲ್ಲಿ ಎಲ್ಲರ ಮುಂದೆ ನಾವೇ ಹೇಳಿ, ಬರೆದದ್ದು ತಪ್ಪೆಂದು ಕೈಮುಗಿದೆವು. ಗೌಡರಿಗೆ ಒಪ್ಪಿಗೆಯಾಗಲಿಲ್ಲ.

“ನೀವ ಬರದ ಮ್ಯಾಲ ಸುಳ್ಳ ಹ್ಯಾಂಗಾದೀತ್ರಿ? ಅಚ್ಚಾಗೇತಿ,” ಎಂದರು.

ಅಚ್ಚಾದದ್ದೆಲ್ಲ ನಿಜವಲ್ಲವೆಂದು ನಾವೇ ನಮ್ಮ ಬಾಯಿಂದ ಹೇಳಬೇಕಾಯಿತು. ಒಬ್ಬ ಹಿರಿಯರು, ಯಾರೂ ಕಟ್ಟಿಲ್ಲವೆಂದರೆ ಊರಿನ ಘನತೆ ಹೋದಂತಲ್ಲವೇ ಎಂದು ಕೇಳಿದರು. ನಾವು ಅವರಿಗೆ, ನಮ್ಮ ನಾಡಿನಲ್ಲಿ ಗುಡಿಯ ಮೂರ್ತಿಯನ್ನು ಶಿಲ್ಪಿ ಕಡೆದನೆಂದರೆ ಒಂದು ಗೌರವ, ಉದ್ಭವವೆಂದರೆ ಇನ್ನೂ ಒಂದು ಕೈ ಹೆಚ್ಚು ಗೌರವ. ಕಲ್ಲಿನ ಗೋಡೆಯ ವಿಷಯದಲ್ಲಿ ಮಾತ್ರ ಲೆಕ್ಕ ಏಕೆ ತಿರುಗುಮುರುಗಾಗಬೇಕು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೂ ಖರೇ ಎಂದರು.

ಆಗ ಹೊಲ ಕಳೆದುಕೊಂಡ ತಾಯಿ ಹಿಂದಿನಿಂದ ಎದ್ದು ನಿಂತರು. “ಗ್ವಾಡಿ ದೇವರ ಕಟ್ಟಿರಲಿ, ದೆವ್ವ ಕಟ್ಟಿರಲಿ. ನನ್ನ ಹೊಲದ ಒಡ್ಡು ಯಾರ ಹಾಕತೀರಿ, ಅದನ್ನ ಹೇಳ್ರಿ ಮೊದಲ.”

ಚಾವಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅಗೆದ ಹುಡುಗರು ತಲೆ ತಗ್ಗಿಸಿದರು, ನಾವೂ ತಗ್ಗಿಸಿದೆವು. ಬಿತ್ತನೆ ಬೀಜದ ಹಣ ನಮ್ಮ ಪಾಲಿಗೆ, ಒಡ್ಡಿನ ಕೆಲಸ ಹುಡುಗರ ಪಾಲಿಗೆ ಎಂದು ತೀರ್ಮಾನವಾಯಿತು. ಗುಂಡಿಯಿಂದ ಎತ್ತಿ ಹಾಕಿದ್ದ ಕರಿಕಲ್ಲುಗಳೇ ಒಡ್ಡಿಗೆ ಸಾಕಾದವು. ಎಂಟು ದಿನಗಳಲ್ಲಿ ಮುಗಿಸಿದರೆಂದು ಮಾಸ್ತರರ ಪತ್ರ ಬಂದಿದೆ. ಮುಂದೆ ಯಾರಾದರೂ ಬಂದು ಇದನ್ನು ಪುರಾತನ ಕೋಟೆಯೆಂದು ಬರೆಯದಿರಲೆಂದು, ಕೆಲಸ ಮಾಡಿದ ಹುಡುಗರ ಹೆಸರು, ಇಸವಿ, ತಿಂಗಳುಗಳನ್ನು ಅವರು ಗ್ರಾಮ ಪಂಚಾಯತಿಯ ಪುಸ್ತಕದಲ್ಲಿ ಬರೆಸಿದ್ದಾರಂತೆ. ವೀರಗಲ್ಲಿನ ಎರಡು ತುಂಡುಗಳನ್ನೂ ಬೇವಿನ ಕೆಳಗೆ ಕೂಡಿಸಿ ನಿಲ್ಲಿಸಿದ್ದಾರೆ. ಸೀಳು ನಡುವಿನ ಸಾಲಿನ ಮೇಲೆಯೇ ಹಾದುಹೋಗಿರುವುದರಿಂದ, ಸತ್ತ ವೀರನ ಹೆಸರಿನ ಮೊದಲಿನ ಎರಡಕ್ಷರ ಮಾತ್ರ ಓದಲು ಬರುತ್ತದೆ.